ಸಾರ್ವಜನಿಕ ಆರೋಗ್ಯ ಸಂಸ್ಥೆಯ ಜಾಲತಾಣವನ್ನು ವಿಕಲಚೇತನರಿಗೆ ಸುಗಮಗೊಳಿಸುವುದು ಹೇಗೆ: ಹಂತಹಂತದ ಸಮಗ್ರ ಮಾರ್ಗದರ್ಶಿ

ವಾಂತಿಭೇದಿ ಹರಡುತ್ತಿರುವ ಸಮಯದಲ್ಲಿ ಕುಡಿಯುವ ನೀರನ್ನು ಕುದಿಸಿ ಆರಿಸಬೇಕೆಂಬ ಸೂಚನೆಯನ್ನು ಆರೋಗ್ಯ ಸಂಸ್ಥೆಯೊಂದು ತನ್ನ ಜಾಲತಾಣದಲ್ಲಿ ಭಿತ್ತಿಪತ್ರದ ಚಿತ್ರವಾಗಿ ಮಾತ್ರ ಹಾಕಿದರೆ, ಕಣ್ಣು ಕಾಣದವರು ಬಳಸುವ, ಪರದೆಯ ಮೇಲಿನದನ್ನು ಧ್ವನಿಯಲ್ಲಿ ಓದಿಹೇಳುವ ತಂತ್ರಾಂಶವಾದ ಸ್ಕ್ರೀನ್ ರೀಡರ್ ಅದನ್ನು ‘ಚಿತ್ರ’ ಎಂದಷ್ಟೇ ಉಚ್ಚರಿಸಿ ಮುಂದೆ ಸಾಗುತ್ತದೆ. ಸೂಚನೆ ಪ್ರಕಟವಾಗಿದೆ ಎಂದು ಸಂಸ್ಥೆಯ ಕಡತ ಹೇಳುತ್ತದೆ, ಆದರೆ ಅದು ತಲುಪಬೇಕಾದವರನ್ನು ತಲುಪಿರುವುದಿಲ್ಲ. ಬೇರೆ ಜಾಲತಾಣಗಳಲ್ಲಿ ಇಂಥ ಲೋಪದಿಂದ ಒಂದು ಖರೀದಿಯೋ ಒಂದು ಸುದ್ದಿಯೋ ತಪ್ಪಿಹೋಗಬಹುದು. ಆರೋಗ್ಯದ ಜಾಲತಾಣದಲ್ಲಿ ಇದೇ ಲೋಪದಿಂದ ರೋಗ ಬರಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಸುಮಾರು 130 ಕೋಟಿ ಜನರು, ಅಂದರೆ ಹೆಚ್ಚುಕಡಿಮೆ ಆರು ಜನರಲ್ಲಿ ಒಬ್ಬರು, ಗಣನೀಯ ಅಂಗವೈಕಲ್ಯದೊಂದಿಗೆ ಬದುಕುತ್ತಿದ್ದಾರೆ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯು 9ನೇ ವಿಧಿಯಲ್ಲಿ ಮಾಹಿತಿ ವ್ಯವಸ್ಥೆಗಳ ಸುಗಮ್ಯತೆಯನ್ನೂ, 25ನೇ ವಿಧಿಯಲ್ಲಿ ತಾರತಮ್ಯವಿಲ್ಲದ ಆರೋಗ್ಯ ಸೇವೆಯನ್ನೂ ಹಕ್ಕುಗಳೆಂದು ಹೇಳುತ್ತದೆ. ಆರೋಗ್ಯ ಸಂಸ್ಥೆಯ ಜಾಲತಾಣದಲ್ಲಿ ಈ ಎರಡೂ ವಿಧಿಗಳು ಒಂದೇ ಪುಟದ ಮೇಲೆ ಅನ್ವಯವಾಗುತ್ತವೆ.

ಮೊದಲ ಹಂತ: ಪುಟಗಳನ್ನಲ್ಲ, ಕೆಲಸಗಳನ್ನು ಪಟ್ಟಿ ಮಾಡಿ

ಸಾವಿರಾರು ಪುಟಗಳಿರುವ ಜಾಲತಾಣವನ್ನು ಮುಖಪುಟದಿಂದ ಆರಂಭಿಸಿ ಒಂದೊಂದಾಗಿ ಸರಿಪಡಿಸುತ್ತ ಹೋದರೆ, ಮುಖ್ಯವಾದ ಪುಟಕ್ಕೆ ಬರುವಷ್ಟರಲ್ಲಿ ಉತ್ಸಾಹವೂ ಹಣವೂ ಮುಗಿದಿರುತ್ತವೆ. ಅದರ ಬದಲು ಜನ ಈ ಜಾಲತಾಣಕ್ಕೆ ಯಾವ ಕೆಲಸಕ್ಕೆ ಬರುತ್ತಾರೆ ಎಂಬುದನ್ನು ಮೊದಲು ಬರೆದುಕೊಳ್ಳಬೇಕು: ಹತ್ತಿರದ ಲಸಿಕಾ ಕೇಂದ್ರವನ್ನು ಹುಡುಕುವುದು, ತಪಾಸಣೆಗೆ ಸಮಯ ಕಾಯ್ದಿರಿಸುವುದು, ರೋಗಲಕ್ಷಣಗಳನ್ನು ಓದಿ ಆಸ್ಪತ್ರೆಗೆ ಹೋಗಬೇಕೇ ಎಂದು ನಿರ್ಧರಿಸುವುದು, ತುರ್ತು ಎಚ್ಚರಿಕೆಯನ್ನು ತಿಳಿಯುವುದು, ಪರೀಕ್ಷೆಯ ವರದಿಯನ್ನು ಪಡೆಯುವುದು, ದೂರು ಸಲ್ಲಿಸುವುದು. ತಪ್ಪಿದರೆ ಜೀವಕ್ಕೆ ಅಪಾಯವಾಗುವ ಕೆಲಸವನ್ನು ಪಟ್ಟಿಯ ಮೇಲ್ಭಾಗದಲ್ಲಿ ಇರಿಸಿ, ಅದನ್ನು ಮೊದಲಿನಿಂದ ಕೊನೆಯವರೆಗೆ ಪೂರ್ತಿಯಾಗಿ ಸರಿಪಡಿಸಿದ ಮೇಲೆಯೇ ಎರಡನೆಯದಕ್ಕೆ ಕೈಹಾಕುವುದು ಸರಿಯಾದ ಕ್ರಮ. ಹತ್ತು ಮೆಟ್ಟಿಲುಗಳ ಪೈಕಿ ಒಂಬತ್ತು ಗಟ್ಟಿಯಾಗಿದ್ದು ಒಂದು ಇಲ್ಲದಿದ್ದರೆ ಯಾರೂ ಮೇಲೆ ಹತ್ತಲಾರರು. ಆನ್‌ಲೈನ್ ನೋಂದಣಿಯೂ ಹಾಗೆಯೇ.

ಎರಡನೇ ಹಂತ: ಒಂದು ಮಾನದಂಡವನ್ನು ಒಪ್ಪಿಕೊಳ್ಳಿ

ವರ್ಲ್ಡ್ ವೈಡ್ ವೆಬ್ ಒಕ್ಕೂಟವು ರೂಪಿಸಿರುವ ವೆಬ್ ಸುಗಮ್ಯತಾ ಮಾರ್ಗಸೂಚಿಗಳು, ಅಂದರೆ ಡಬ್ಲ್ಯೂಸಿಎಜಿ, ಇಂದು ಬಹುತೇಕ ಎಲ್ಲೆಡೆ ಒಪ್ಪಿತವಾಗಿರುವ ಅಳತೆಗೋಲು. ಇದರ 2.0 ಆವೃತ್ತಿ 2008ರಲ್ಲಿ, 2.1 ಆವೃತ್ತಿ 2018ರಲ್ಲಿ ಮತ್ತು 2.2 ಆವೃತ್ತಿ 2023ರ ಅಕ್ಟೋಬರ್‌ನಲ್ಲಿ ಹೊರಬಂದವು. ಮಾನದಂಡಗಳನ್ನು ಎ, ಎಎ, ಎಎಎ ಎಂಬ ಮೂರು ಸ್ತರಗಳಲ್ಲಿ ವಿಂಗಡಿಸಲಾಗಿದ್ದು, 2.2 ಆವೃತ್ತಿಯ ಎಎ ಸ್ತರವನ್ನು ತಲುಪಲು ಒಟ್ಟು 55 ಮಾನದಂಡಗಳನ್ನು ಪೂರೈಸಬೇಕಾಗುತ್ತದೆ. ಹೊಸದಾಗಿ ಕೆಲಸ ಆರಂಭಿಸುವ ಸಂಸ್ಥೆ ಈ ಸ್ತರವನ್ನೇ ಗುರಿಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಆದರೆ 55 ಗುರುತುಗಳನ್ನು ಹಾಕಿ ಮುಗಿಸಿದ ಜಾಲತಾಣವೂ ಬಳಸಲು ಕಷ್ಟವಾಗಿರಬಹುದು. ಮಾನದಂಡವು ಕನಿಷ್ಠ ಮಟ್ಟವನ್ನಷ್ಟೇ ಹೇಳುತ್ತದೆ, ಬಳಸಿದವರ ಅನುಭವವೇ ಕೊನೆಯ ಮಾತು.

ಮೂರನೇ ಹಂತ: ಮೌಸನ್ನು ಬದಿಗಿಟ್ಟು ಪರೀಕ್ಷಿಸಿ

ಯಾವ ತಂತ್ರಾಂಶವನ್ನೂ ಕೊಳ್ಳುವ ಮೊದಲು ಮಾಡಬಹುದಾದ ಪರೀಕ್ಷೆ ಇದು. ಮೌಸನ್ನು ಮುಟ್ಟದೆ, ಟ್ಯಾಬ್, ಶಿಫ್ಟ್ ಜೊತೆ ಟ್ಯಾಬ್, ಎಂಟರ್, ಸ್ಪೇಸ್ ಮತ್ತು ಬಾಣದ ಕೀಲಿಗಳಿಂದಲೇ ಪಟ್ಟಿಯ ಮೊದಲ ಕೆಲಸವನ್ನು ಪೂರೈಸಲು ಪ್ರಯತ್ನಿಸಿ. ಕೈ ನಡುಗುವವರು, ಬಾಯಿಯಲ್ಲಿ ಹಿಡಿದ ಕಡ್ಡಿಯಿಂದ ಕೀಲಿ ಒತ್ತುವವರು, ಕೀಲಿಮಣೆಯ ಬದಲು ಒಂದೆರಡು ಗುಂಡಿಗಳ ಸ್ವಿಚ್ ಸಾಧನ ಬಳಸುವವರು ಮತ್ತು ಕಣ್ಣು ಕಾಣದವರು ಎಲ್ಲರೂ ಈ ದಾರಿಯನ್ನೇ ಅವಲಂಬಿಸಿದ್ದಾರೆ.

ಪರೀಕ್ಷಿಸುವಾಗ ಕೆಲವು ಸಂಗತಿಗಳನ್ನು ಗಮನಿಸಬೇಕು. ನೀವು ಯಾವ ಕೊಂಡಿಯ ಮೇಲಿದ್ದೀರಿ ಎಂಬುದನ್ನು ತೋರಿಸುವ ಚೌಕಟ್ಟು ಪ್ರತಿ ಹೆಜ್ಜೆಯಲ್ಲೂ ಕಾಣಿಸುತ್ತಿದೆಯೇ? ಎಷ್ಟೋ ವಿನ್ಯಾಸಕರು ಅಂದಕ್ಕೆ ಅಡ್ಡಿ ಎಂದು ಅದನ್ನು ತೆಗೆದುಹಾಕಿರುತ್ತಾರೆ, ಮೊದಲು ಅದನ್ನು ಮರಳಿ ತನ್ನಿ. ಪುಟದ ಮೇಲ್ತುದಿಗೋ ಕೆಳತುದಿಗೋ ಅಂಟಿಕೊಂಡಿರುವ ತುರ್ತು ಸೂಚನೆಯ ಪಟ್ಟಿ ಅಥವಾ ಕುಕಿ ಅನುಮತಿಯ ಪೆಟ್ಟಿಗೆ ಆ ಚೌಕಟ್ಟನ್ನು ಮುಚ್ಚಿಹಾಕುತ್ತಿದೆಯೇ? 2.2 ಆವೃತ್ತಿ ಇದನ್ನು ಹೊಸ ಮಾನದಂಡವಾಗಿ ಸೇರಿಸಿದೆ, ಮತ್ತು ತುರ್ತು ಪಟ್ಟಿಗಳನ್ನು ಪದೇ ಪದೇ ಹಾಕುವ ಆರೋಗ್ಯ ಸಂಸ್ಥೆಗಳಲ್ಲಿ ಈ ದೋಷ ಸುಲಭವಾಗಿ ನುಸುಳುತ್ತದೆ. ತೆರೆದ ಪೆಟ್ಟಿಗೆಯಿಂದ ಕೀಬೋರ್ಡ್ ಮೂಲಕವೇ ಹೊರಬರಲು ಸಾಧ್ಯವೇ? ಪ್ರತಿ ಪುಟದಲ್ಲೂ ಮೆನುವಿನ ಕೊಂಡಿಗಳನ್ನೆಲ್ಲ ದಾಟದೆ ನೇರವಾಗಿ ವಿಷಯಕ್ಕೆ ಹೋಗುವ ‘ಮುಖ್ಯ ವಿಷಯಕ್ಕೆ ಹೋಗಿ’ ಎಂಬ ಕೊಂಡಿ ಮೊದಲಿಗೇ ಸಿಗುತ್ತದೆಯೇ?

ಇದಾದ ಮೇಲೆ ಸ್ಕ್ರೀನ್ ರೀಡರ್ ಪರೀಕ್ಷೆ. ವಿಂಡೋಸ್‌ಗೆ ಎನ್‌ವಿಡಿಎ ಉಚಿತವಾಗಿ ದೊರೆಯುತ್ತದೆ, ಐಫೋನ್‌ನಲ್ಲಿ ವಾಯ್ಸ್‌ಓವರ್ ಮೊದಲಿನಿಂದಲೇ ಇರುತ್ತದೆ, ಆಂಡ್ರಾಯ್ಡ್‌ಗೆ ಟಾಕ್‌ಬ್ಯಾಕ್ ಇದೆ. ಪರದೆಯನ್ನು ಆರಿಸಿ, ಕೇಳಿಸಿಕೊಂಡದ್ದರಿಂದಲೇ ಲಸಿಕಾ ಕೇಂದ್ರದ ವಿಳಾಸವನ್ನು ಹುಡುಕಲು ಯತ್ನಿಸಿ. ವಿಷಯ ಪ್ರಕಟಿಸುವ ಪ್ರತಿಯೊಬ್ಬ ಸಿಬ್ಬಂದಿಯೂ ಒಮ್ಮೆಯಾದರೂ ಇದನ್ನು ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಎಷ್ಟು ಪುಟಗಳ ವರದಿ ಓದಿದರೂ ಬಾರದ ಅರಿವು ಅರ್ಧ ಗಂಟೆಯಲ್ಲಿ ಬರುತ್ತದೆ.

ನಾಲ್ಕನೇ ಹಂತ: ಪುಟದ ಒಳಗಟ್ಟನ್ನು ಸರಿಪಡಿಸಿ

ಸ್ಕ್ರೀನ್ ರೀಡರ್ ಬಳಸುವವರು ಪುಟವನ್ನು ಮೇಲಿನಿಂದ ಕೆಳಗೆ ಪೂರ್ತಿ ಕೇಳುತ್ತ ಕೂರುವುದಿಲ್ಲ. ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಜಿಗಿಯುತ್ತ ತಮಗೆ ಬೇಕಾದ ಭಾಗವನ್ನು ಹುಡುಕುತ್ತಾರೆ. ಎನ್‌ವಿಡಿಎಯಲ್ಲಿ ಎಚ್ ಕೀಲಿ ಒತ್ತಿದರೆ ಆಗುವುದು ಇದೇ. ಆದ್ದರಿಂದ ಅಕ್ಷರವನ್ನು ದಪ್ಪ ಮಾಡಿ, ದೊಡ್ಡದು ಮಾಡಿ ಶೀರ್ಷಿಕೆಯಂತೆ ಕಾಣಿಸಿದರೆ ಸಾಲದು. ಸಂಪಾದನಾ ಪರದೆಯಲ್ಲಿರುವ ಶೀರ್ಷಿಕೆಯ ಶೈಲಿಯನ್ನೇ, ಒಂದನೇ ಸ್ತರದ ನಂತರ ಎರಡನೆಯದು, ಅದರೊಳಗೆ ಮೂರನೆಯದು ಎಂಬ ಕ್ರಮದಲ್ಲಿ ಬಳಸಬೇಕು. ಡೆಂಗಿಯ ಬಗೆಗಿನ ಪುಟದಲ್ಲಿ ‘ಲಕ್ಷಣಗಳು’, ‘ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಸೂಚನೆಗಳು’, ‘ಮನೆಯಲ್ಲಿ ಆರೈಕೆ’ ಎಂಬ ಶೀರ್ಷಿಕೆಗಳು ಹೀಗೆ ಇದ್ದರೆ, ಜ್ವರದಲ್ಲಿರುವ ಮಗುವಿನ ತಾಯಿ ಎರಡು ಕೀಲಿಗಳಲ್ಲಿ ತನಗೆ ಬೇಕಾದ ಮಾಹಿತಿಯನ್ನು ತಲುಪುತ್ತಾಳೆ.

ಕೊಂಡಿಗಳ ಪಠ್ಯವೂ ಹಾಗೆಯೇ ತನ್ನಷ್ಟಕ್ಕೆ ಅರ್ಥವಾಗಬೇಕು. ‘ಇಲ್ಲಿ ಕ್ಲಿಕ್ ಮಾಡಿ’ ಎಂಬ ಇಪ್ಪತ್ತು ಕೊಂಡಿಗಳ ಪಟ್ಟಿಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ, ‘ಗರ್ಭಿಣಿಯರಿಗೆ ಲಸಿಕಾ ವೇಳಾಪಟ್ಟಿ’ ಎಂದರೆ ತಿಳಿಯುತ್ತದೆ.

ಭಾಷೆಯ ವಿಷಯದಲ್ಲಿ ಕನ್ನಡದಲ್ಲಿ ಪುಟ ಸಿದ್ಧಪಡಿಸುವವರು ವಿಶೇಷ ಎಚ್ಚರ ವಹಿಸಬೇಕು. ಪಠ್ಯವು ಎಲ್ಲ ಸಾಧನಗಳೂ ಗುರುತಿಸುವ ಅಕ್ಷರ ಸಂಕೇತ ವ್ಯವಸ್ಥೆಯಾದ ಯುನಿಕೋಡ್‌ನಲ್ಲೇ ಇರಬೇಕು. ಹಳೆಯ ಫಾಂಟ್ ಆಧಾರಿತ ಕಡತದಿಂದ ನಕಲಿಸಿ ಅಂಟಿಸಿದ ಪಠ್ಯ ಕಣ್ಣಿಗೆ ಕನ್ನಡವಾಗಿ ಕಂಡರೂ ಸ್ಕ್ರೀನ್ ರೀಡರ್‌ಗೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಪುಟದ ಭಾಷೆ ಕನ್ನಡ ಎಂದು ವೆಬ್ ಪುಟವನ್ನು ರಚಿಸುವ ಸಂಕೇತಭಾಷೆಯಾದ ಎಚ್‌ಟಿಎಂಎಲ್‌ನ ಭಾಷಾ ಗುರುತಿನಲ್ಲಿ ನಮೂದಿಸಬೇಕು ಮತ್ತು ನಡುವೆ ಬೇರೆ ಭಾಷೆಯ ಪ್ಯಾರಾ ಬಂದರೆ ಅದಕ್ಕೂ ಪ್ರತ್ಯೇಕ ಗುರುತು ಹಾಕಬೇಕು. ಇಲ್ಲದಿದ್ದರೆ ಧ್ವನಿಯಂತ್ರವು ಒಂದು ಭಾಷೆಯ ಪದಗಳನ್ನು ಇನ್ನೊಂದರ ಉಚ್ಚಾರಣೆಯಲ್ಲಿ ಓದಿ, ಔಷಧದ ಹೆಸರೇ ತಿಳಿಯದಂತೆ ಮಾಡುತ್ತದೆ.

ಐದನೇ ಹಂತ: ಚಿತ್ರ, ಭಿತ್ತಿಪತ್ರ, ನಕ್ಷೆ

ಪ್ರತಿ ಚಿತ್ರಕ್ಕೂ ಅದರ ಬದಲಾಗಿ ಸ್ಕ್ರೀನ್ ರೀಡರ್ ಓದುವ ಪರ್ಯಾಯ ಪಠ್ಯ ಬೇಕು ಎಂಬುದು ಎಲ್ಲರಿಗೂ ತಿಳಿದಿದೆ, ಆದರೆ ಏನು ಬರೆಯಬೇಕು ಎಂಬಲ್ಲಿ ತೊಡಕು ಬರುತ್ತದೆ. ಚಿತ್ರವು ಆ ಪುಟದಲ್ಲಿ ಯಾವ ಕೆಲಸ ಮಾಡುತ್ತಿದೆ ಎಂದು ಕೇಳಿಕೊಳ್ಳಿ. ಕೇವಲ ಅಲಂಕಾರವಾಗಿದ್ದರೆ ಪರ್ಯಾಯ ಪಠ್ಯವನ್ನು ಖಾಲಿ ಬಿಡಿ. ಆಗ ಸ್ಕ್ರೀನ್ ರೀಡರ್ ಅದನ್ನು ದಾಟಿಹೋಗುತ್ತದೆ. ಕೈ ತೊಳೆಯುವ ವಿಧಾನವನ್ನು ತೋರಿಸುವ ಚಿತ್ರಕ್ಕೆ ‘ಕೈ ತೊಳೆಯುತ್ತಿರುವ ಮಹಿಳೆ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಬೆರಳುಗಳನ್ನು ಒಂದಕ್ಕೊಂದು ಹೆಣೆದು ಸಂದುಗಳನ್ನು ಉಜ್ಜುವುದು’ ಎಂದು ಬರೆಯಬೇಕು.

ಭಿತ್ತಿಪತ್ರಗಳ ವಿಷಯದಲ್ಲಿ ಒಂದೇ ನಿಯಮ ಸಾಕು: ಚಿತ್ರದೊಳಗೆ ಇರುವ ಪ್ರತಿಯೊಂದು ಸೂಚನೆಯೂ ಅದೇ ಪುಟದಲ್ಲಿ ಸಾಮಾನ್ಯ ಪಠ್ಯವಾಗಿಯೂ ಇರಬೇಕು. ಇನ್ನೂರು ಪದಗಳನ್ನು ಪರ್ಯಾಯ ಪಠ್ಯದೊಳಗೆ ತುರುಕುವುದು ಪರಿಹಾರವಲ್ಲ, ಏಕೆಂದರೆ ಅಲ್ಲಿ ಶೀರ್ಷಿಕೆ, ಪಟ್ಟಿ, ಕೊಂಡಿ ಯಾವುದೂ ಇರಲು ಸಾಧ್ಯವಿಲ್ಲ. ಪಠ್ಯವಾಗಿ ಹಾಕಿದರೆ ದೃಷ್ಟಿ ಮಂದವಾಗಿರುವವರು ಅಕ್ಷರ ಹಿಗ್ಗಿಸಿ ಓದುತ್ತಾರೆ, ಬೇರೆ ಭಾಷೆಯವರು ಅನುವಾದಿಸಿಕೊಳ್ಳುತ್ತಾರೆ, ಸಂಪರ್ಕ ನಿಧಾನವಾಗಿರುವಲ್ಲೂ ಪುಟ ತೆರೆಯುತ್ತದೆ.

ರೋಗ ಹರಡುವಿಕೆಯ ನಕ್ಷೆಗಳು ಇನ್ನೂ ಕಠಿಣ. ಕೆಂಪು, ಹಳದಿ, ಹಸಿರು ವಲಯಗಳೆಂದು ಬಣ್ಣ ಬಳಿದ ನಕ್ಷೆಯಲ್ಲಿ ಕೆಂಪು ಮತ್ತು ಹಸಿರನ್ನು ಬೇರ್ಪಡಿಸಿ ನೋಡಲಾಗದವರಿಗೆ ಅತ್ಯಂತ ಅಪಾಯದ ಪ್ರದೇಶವೂ ಅತ್ಯಂತ ಸುರಕ್ಷಿತ ಪ್ರದೇಶವೂ ಒಂದೇ ಆಗಿ ಕಾಣಬಹುದು. ಬಣ್ಣದ ಜೊತೆಗೆ ಗೆರೆಗಳ ವಿನ್ಯಾಸವನ್ನೋ ಅಕ್ಷರವನ್ನೋ ಸೇರಿಸಿ. ನಕ್ಷೆಯ ಕೆಳಗೆ ಅದೇ ಅಂಕಿಗಳ ಕೋಷ್ಟಕವನ್ನು, ಸಾಲು ಮತ್ತು ಕಂಬಗಳ ತಲೆಬರಹಗಳನ್ನು ಸರಿಯಾಗಿ ಗುರುತಿಸಿ, ಕೊಡಿ. ಎಲ್ಲಕ್ಕಿಂತ ಮೇಲೆ ನಕ್ಷೆಯ ಸಾರವನ್ನು ಎರಡು ವಾಕ್ಯಗಳಲ್ಲಿ ಬರೆಯಿರಿ. ಈ ಎರಡು ವಾಕ್ಯಗಳನ್ನು ಕಣ್ಣು ಚೆನ್ನಾಗಿ ಕಾಣುವವರೂ ಮೊದಲು ಓದುತ್ತಾರೆ. ಪುಟದಲ್ಲಿ ತಾನಾಗಿ ಐದು ಸೆಕೆಂಡಿಗಿಂತ ಹೆಚ್ಚು ಕಾಲ ಚಲಿಸುವ ಚಿತ್ರಮಾಲಿಕೆಗೆ ನಿಲ್ಲಿಸುವ ಗುಂಡಿ ಇರಲೇಬೇಕು, ಮತ್ತು ಸೆಕೆಂಡಿಗೆ ಮೂರು ಬಾರಿಗಿಂತ ಹೆಚ್ಚು ಮಿನುಗುವ ಯಾವುದೂ ಇರಕೂಡದು. ಅದು ಅಪಸ್ಮಾರ ಇರುವವರಲ್ಲಿ ಸೆಳವು ತರಬಲ್ಲದು.

ಆರನೇ ಹಂತ: ಬಣ್ಣ ಮತ್ತು ಅಕ್ಷರದ ಗಾತ್ರ

ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಹೊಳಪಿನ ಅನುಪಾತ ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ ಕನಿಷ್ಠ 3:1 ಇರಬೇಕು. ಗುಂಡಿಗಳ ಅಂಚು ಮತ್ತು ಅರ್ಥಪೂರ್ಣ ಚಿಹ್ನೆಗಳಿಗೂ 3:1 ಅನ್ವಯಿಸುತ್ತದೆ. ಇದನ್ನು ಅಳೆಯುವ ಉಚಿತ ಸಾಧನಗಳು ಸಾಕಷ್ಟಿವೆ. ಅಕ್ಷರವನ್ನು ಶೇ. 200ಕ್ಕೆ ಹಿಗ್ಗಿಸಿದಾಗ ಯಾವ ಮಾಹಿತಿಯೂ ಮರೆಯಾಗಬಾರದು, ಮತ್ತು 320 ಪಿಕ್ಸೆಲ್ ಅಗಲದ ಪರದೆಯಲ್ಲಿ ಸಾಲನ್ನು ಓದಲು ಅಡ್ಡಡ್ಡ ಸರಿಸಬೇಕಾದ ಸ್ಥಿತಿ ಬರಬಾರದು. ಒತ್ತಬೇಕಾದ ಗುಂಡಿಗಳು ಕನಿಷ್ಠ 24 ಪಿಕ್ಸೆಲ್ ಉದ್ದಗಲ ಇರಬೇಕೆಂದು 2.2 ಆವೃತ್ತಿ ಕೆಲವು ವಿನಾಯಿತಿಗಳೊಂದಿಗೆ ಹೇಳುತ್ತದೆ. ಆರೋಗ್ಯದ ಜಾಲತಾಣಕ್ಕೆ ಬರುವವರಲ್ಲಿ ವಯಸ್ಸಾದವರೂ ಕೈ ನಡುಗುವವರೂ ಹೆಚ್ಚಿರುವುದರಿಂದ ಇನ್ನೂ ದೊಡ್ಡದಾಗಿರಲಿ ಎಂದೇ ನಾನು ಸಲಹೆ ನೀಡುತ್ತೇನೆ.

ಏಳನೇ ಹಂತ: ನೋಂದಣಿ ಮತ್ತು ಕಾಯ್ದಿರಿಸುವಿಕೆ

ಅತಿ ಹೆಚ್ಚು ಜನ ಸೋತು ಹಿಂದಿರುಗುವ ಜಾಗ ಇದು, ಆದ್ದರಿಂದ ಹೆಚ್ಚು ಸಮಯವನ್ನು ಇಲ್ಲಿಯೇ ಕೊಡಬೇಕು. ಜನ್ಮದಿನಾಂಕದ ಕ್ಷೇತ್ರವನ್ನೇ ಹತ್ತಿರದಿಂದ ನೋಡೋಣ. ವಿನ್ಯಾಸಕರು ಅಲ್ಲಿ ಸುಂದರವಾದ ಕ್ಯಾಲೆಂಡರ್ ಒಂದನ್ನು ಇಟ್ಟಿರುತ್ತಾರೆ. ಅದು ಇಂದಿನ ತಿಂಗಳಿನಲ್ಲಿ ತೆರೆದುಕೊಳ್ಳುತ್ತದೆ. 1955ರಲ್ಲಿ ಹುಟ್ಟಿದವರು ಹಿಂದಿನ ತಿಂಗಳಿಗೆ ಹೋಗುವ ಬಾಣವನ್ನು ಎಂಟುನೂರಕ್ಕೂ ಹೆಚ್ಚು ಬಾರಿ ಒತ್ತಬೇಕಾಗುತ್ತದೆ. ಸಂಧಿವಾತ ಇರುವ ಬೆರಳುಗಳಿಗೆ ಅದು ಆಗದ ಮಾತು, ಮತ್ತು ಸ್ಕ್ರೀನ್ ರೀಡರ್‌ಗೆ ಆ ಬಾಣವು ಅನೇಕ ವೇಳೆ ‘ಗುಂಡಿ’ ಎಂದಷ್ಟೇ ಕೇಳಿಸುತ್ತದೆ. ಇದರ ಬದಲು ದಿನ, ತಿಂಗಳು, ವರ್ಷ ಎಂಬ ಮೂರು ಸರಳ ಪೆಟ್ಟಿಗೆಗಳನ್ನು ಇಟ್ಟು, ಪ್ರತಿಯೊಂದಕ್ಕೂ ಕಾಣುವ ಹೆಸರಿನ ಪಟ್ಟಿಯನ್ನು (ಲೇಬಲ್) ತಾಂತ್ರಿಕವಾಗಿ ಜೋಡಿಸಿ, ಪಕ್ಕದಲ್ಲಿ ಒಂದು ಮಾದರಿಯನ್ನು ಕೊಟ್ಟರೆ ಎಲ್ಲರೂ ಕೆಲವೇ ಕ್ಷಣಗಳಲ್ಲಿ ತುಂಬಬಲ್ಲರು.

ಪೆಟ್ಟಿಗೆಯೊಳಗೆ ಮಸುಕಾಗಿ ಬರೆದ ಸೂಚನೆ ಹೆಸರಿನ ಪಟ್ಟಿಗೆ ಬದಲಿಯಲ್ಲ. ಬರೆಯಲು ತೊಡಗಿದ ಕೂಡಲೇ ಅದು ಮಾಯವಾಗುತ್ತದೆ, ನೆನಪಿನ ತೊಂದರೆ ಇರುವವರು ಅಲ್ಲಿ ಏನು ಕೇಳಿದ್ದರೆಂದು ಮರೆಯುತ್ತಾರೆ. ತಪ್ಪಾದಾಗ ಪೆಟ್ಟಿಗೆಯ ಅಂಚನ್ನು ಕೆಂಪಾಗಿಸಿದರೆ ಸಾಲದು. ‘ಮೊಬೈಲ್ ಸಂಖ್ಯೆಯಲ್ಲಿ ಒಂದು ಅಂಕಿ ಕಡಿಮೆ ಇದೆ’ ಎಂದು ಪದಗಳಲ್ಲಿ, ಆ ಕ್ಷೇತ್ರದ ಪಕ್ಕದಲ್ಲೇ ಹೇಳಬೇಕು, ಮತ್ತು ಬಳಕೆದಾರರ ಗಮನವನ್ನು ಅಲ್ಲಿಗೆ ಒಯ್ಯಬೇಕು. ಈಗಾಗಲೇ ತುಂಬಿದ ವಿವರಗಳು ಅಳಿಸಿಹೋಗಬಾರದು, ಒಮ್ಮೆ ಕೊಟ್ಟ ವಿಳಾಸವನ್ನು ಅದೇ ಪ್ರಕ್ರಿಯೆಯಲ್ಲಿ ಮತ್ತೆ ಕೇಳಬಾರದು.

ಕಾಲಮಿತಿಯೂ ದೊಡ್ಡ ಅಡ್ಡಿ. ಸಮಯ ಮುಗಿಯುವ ಮೊದಲು ಎಚ್ಚರಿಸಿ, ಒಂದು ಸರಳ ಕ್ರಿಯೆಯಿಂದ ವಿಸ್ತರಿಸಿಕೊಳ್ಳಲು ಕನಿಷ್ಠ 20 ಸೆಕೆಂಡು ಕೊಡಬೇಕೆಂಬುದು ಮಾನದಂಡ. ತಿರುಚಿದ ಅಕ್ಷರಗಳನ್ನು ಗುರುತಿಸಿ ಬರೆಯಿರಿ ಎನ್ನುವ ಕ್ಯಾಪ್ಚಾ ಕಣ್ಣು ಕಾಣದವರನ್ನು ಬಾಗಿಲಲ್ಲೇ ತಡೆಯುತ್ತದೆ, ಅದರ ಧ್ವನಿರೂಪ ಕಿವಿಯೂ ಕೇಳದವರನ್ನು ತಡೆಯುತ್ತದೆ. ಯಂತ್ರಗಳ ಕಾಟವನ್ನು ತಡೆಯಲು ಬಳಕೆದಾರರಿಗೆ ಕಾಣದ ವಿಧಾನಗಳಿವೆ, ಅವುಗಳನ್ನೇ ಬಳಸಿ. ಲಾಗಿನ್ ಮಾಡುವಾಗ ಪಾಸ್‌ವರ್ಡ್ ಅನ್ನು ನಕಲಿಸಿ ಅಂಟಿಸಲು ಬಿಡಿ. ಸಮಯ ಕಾಯ್ದಿರಿಸಿದ ಮೇಲೆ ‘ನಿಮ್ಮ ಸಮಯ ನಿಗದಿಯಾಗಿದೆ’ ಎಂಬ ಸಂದೇಶ ಪರದೆಯ ಮೂಲೆಯಲ್ಲಿ ಮೂಡಿ ಮರೆಯಾದರೆ ಸ್ಕ್ರೀನ್ ರೀಡರ್ ಅದನ್ನು ಹೇಳದೇ ಇರಬಹುದು. ಅದನ್ನು ಘೋಷಣೆಯ ಸಂದೇಶವೆಂದು ಎಚ್‌ಟಿಎಂಎಲ್‌ನಲ್ಲಿ ಗುರುತಿಸಿ.

ಎಂಟನೇ ಹಂತ: ವಿಡಿಯೊ, ಪತ್ರಿಕಾಗೋಷ್ಠಿ, ಪಿಡಿಎಫ್

ವಿಡಿಯೊಗಳಿಗೆ ಕ್ಯಾಪ್ಷನ್, ಅಂದರೆ ಮಾತನ್ನು ಪರದೆಯ ಮೇಲೆ ತೋರಿಸುವ ಬರಹ, ಬೇಕು, ಮತ್ತು ಅವನ್ನು ಮನುಷ್ಯರು ಓದಿ ತಿದ್ದಿರಬೇಕು. ತಾನಾಗಿ ತಯಾರಾದ ಕ್ಯಾಪ್ಷನ್‌ಗಳು ಔಷಧದ ಹೆಸರುಗಳಲ್ಲೂ ಪ್ರಮಾಣಗಳಲ್ಲೂ ಎಡವುತ್ತವೆ, ಹದಿನೈದು ಐವತ್ತಾದರೆ ಅದರ ಪರಿಣಾಮವನ್ನು ಹೇಳಬೇಕಾಗಿಲ್ಲ. ಪರದೆಯ ಮೇಲೆ ತೋರಿಸಿ ಮಾತಿನಲ್ಲಿ ಹೇಳದೆ ಬಿಟ್ಟದ್ದಕ್ಕೆ ಧ್ವನಿ ವಿವರಣೆ ಬೇಕು. ಹುಟ್ಟಿನಿಂದಲೇ ಕಿವಿ ಕೇಳದ ಅನೇಕರಿಗೆ ಸಂಜ್ಞಾ ಭಾಷೆಯೇ ಮೊದಲ ಭಾಷೆ, ಲಿಖಿತ ಭಾಷೆ ಎರಡನೆಯದು. ಆದ್ದರಿಂದ ತುರ್ತು ಪತ್ರಿಕಾಗೋಷ್ಠಿಗಳಲ್ಲಿ ಕ್ಯಾಪ್ಷನ್ ಇದ್ದರೂ ಸಂಜ್ಞಾ ಭಾಷೆಯ ಅನುವಾದಕರು ಚೌಕಟ್ಟಿನೊಳಗೆ ಸ್ಪಷ್ಟವಾಗಿ ಕಾಣುವಂತೆ ಇರಬೇಕು.

ಪಿಡಿಎಫ್ ಬಗ್ಗೆ ನನ್ನ ಸಲಹೆ ನೇರವಾಗಿದೆ: ಜನರಿಗಾಗಿ ಇರುವ ಮಾಹಿತಿಯನ್ನು ವೆಬ್ ಪುಟವಾಗಿಯೇ ಪ್ರಕಟಿಸಿ. ಸಹಿ ಹಾಕಿದ ಸುತ್ತೋಲೆಯನ್ನು ಸ್ಕ್ಯಾನ್ ಮಾಡಿ ಏರಿಸುವ ಅಭ್ಯಾಸ ಪೂರ್ಣವಾಗಿ ನಿಲ್ಲಬೇಕು, ಏಕೆಂದರೆ ಅದು ಮತ್ತೊಂದು ಚಿತ್ರ ಮಾತ್ರ. ಪಿಡಿಎಫ್ ಅನಿವಾರ್ಯವಾದರೆ ಮೂಲ ಕಡತದಲ್ಲೇ ಶೀರ್ಷಿಕೆ ಶೈಲಿಗಳನ್ನು ಬಳಸಿ, ಶೀರ್ಷಿಕೆ, ಪಟ್ಟಿಗಳ ಗುರುತು ಒಳಗೇ ಇರುವ ಟ್ಯಾಗ್ ಸಹಿತ ಪಿಡಿಎಫ್ ಆಗಿ ಉಳಿಸಿ, ಓದುವ ಕ್ರಮವನ್ನು ಪರೀಕ್ಷಿಸಿ.

ಒಂಬತ್ತನೇ ಹಂತ: ಸರಳ ಮಾತು ಮತ್ತು ಸಂಪರ್ಕದ ದಾರಿಗಳು

ಬೌದ್ಧಿಕ ಅಂಗವೈಕಲ್ಯ ಇರುವವರನ್ನು ಸುಗಮ್ಯತೆಯ ಚರ್ಚೆಗಳು ಹೆಚ್ಚಾಗಿ ಮರೆಯುತ್ತವೆ. ‘ನಿರ್ಜಲೀಕರಣದ ಲಕ್ಷಣಗಳು ಕಂಡುಬಂದಲ್ಲಿ ವೈದ್ಯಕೀಯ ಸಮಾಲೋಚನೆ ಪಡೆಯತಕ್ಕದ್ದು’ ಎಂಬುದನ್ನು ‘ಬಾಯಿ ಒಣಗಿದರೆ, ಮೂತ್ರ ಕಡಿಮೆಯಾದರೆ ಕೂಡಲೇ ವೈದ್ಯರ ಬಳಿ ಹೋಗಿ’ ಎಂದು ಬರೆದರೆ ಯಾವ ವೈದ್ಯಕೀಯ ಅರ್ಥವೂ ಕಳೆದುಹೋಗುವುದಿಲ್ಲ. ಮುಖ್ಯ ವಿಷಯಗಳಿಗೆ ಚಿಕ್ಕ ವಾಕ್ಯ ಮತ್ತು ಚಿತ್ರಗಳಿರುವ ಸುಲಭ ಓದಿನ ಆವೃತ್ತಿಯನ್ನೂ ಸಿದ್ಧಪಡಿಸಿ.

ಸಹಾಯವಾಣಿಯ ದೂರವಾಣಿ ಸಂಖ್ಯೆಯೊಂದನ್ನೇ ಕೊಟ್ಟರೆ ಕಿವಿ ಕೇಳದವರಿಗೂ ಮಾತು ಬಾರದವರಿಗೂ ಸಂಸ್ಥೆಯ ಬಾಗಿಲು ಮುಚ್ಚಿದಂತೆಯೇ. ಎಸ್‌ಎಂಎಸ್, ಇಮೇಲ್, ಪಠ್ಯ ಸಂವಾದಗಳಲ್ಲಿ ಕನಿಷ್ಠ ಒಂದನ್ನು, ಅದೇ ಸಮಯದಲ್ಲಿ ಅದೇ ವೇಗದಲ್ಲಿ ಉತ್ತರಿಸುವ ಸಿಬ್ಬಂದಿಯೊಂದಿಗೆ, ನಡೆಸಬೇಕು. ಈ ಸಹಾಯದ ಕೊಂಡಿ ಎಲ್ಲ ಪುಟಗಳಲ್ಲೂ ಒಂದೇ ಜಾಗದಲ್ಲಿರಲಿ.

ಹತ್ತನೇ ಹಂತ: ಬಳಸುವವರೊಂದಿಗೆ ಪರೀಕ್ಷೆ, ಮತ್ತು ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು

ಲೈಟ್‌ಹೌಸ್, ವೇವ್, ಆಕ್ಸ್‌ನಂಥ ಸ್ವಯಂಚಾಲಿತ ಸಾಧನಗಳು ಪರ್ಯಾಯ ಪಠ್ಯ ಇದೆಯೇ ಎಂದು ಹೇಳಬಲ್ಲವು, ಅದು ಅರ್ಥಪೂರ್ಣವೇ ಎಂದು ಹೇಳಲಾರವು. ಅವುಗಳನ್ನು ಮೊದಲ ಜರಡಿಯಾಗಿ ಬಳಸಿ. ಒಂದು ಸಾಲು ಕೋಡ್ ಸೇರಿಸಿದರೆ ಇಡೀ ಜಾಲತಾಣ ಸುಗಮವಾಗುತ್ತದೆ ಎಂದು ಮಾರುವ ಹೊದಿಕೆ ಉಪಕರಣಗಳನ್ನು ನಂಬಬೇಡಿ: ಕೆಳಗಿನ ದೋಷ ಹಾಗೆಯೇ ಉಳಿಯುತ್ತದೆ, ಮತ್ತು ಬಳಕೆದಾರರು ಈಗಾಗಲೇ ತಮಗೆ ಹೊಂದಿಸಿಕೊಂಡಿರುವ ಸ್ಕ್ರೀನ್ ರೀಡರ್‌ಗೆ ಅವು ಅಡ್ಡಿಯಾಗುವುದೂ ಉಂಟು.

ಕಣ್ಣು ಕಾಣದವರು, ಕಿವಿ ಕೇಳದವರು, ಚಲನೆಯ ತೊಂದರೆ ಇರುವವರು, ಬೌದ್ಧಿಕ ಅಂಗವೈಕಲ್ಯ ಇರುವವರು ಮೊದಲ ಹಂತದ ಪಟ್ಟಿಯ ಕೆಲಸಗಳನ್ನು ತಮ್ಮದೇ ಸಾಧನಗಳಲ್ಲಿ ಮಾಡಿನೋಡುವಂತೆ ಆಹ್ವಾನಿಸಿ. ಅವರ ಪಕ್ಕದಲ್ಲಿ ಕುಳಿತು ಸುಮ್ಮನೆ ನೋಡಿ, ಎಲ್ಲಿ ತಡವರಿಸಿದರು ಎಂದು ಬರೆದುಕೊಳ್ಳಿ, ನಡುವೆ ಸಹಾಯ ಮಾಡಬೇಡಿ. ಅವರು ಮಾಡುವ ಈ ಪರೀಕ್ಷೆ ಪರಿಣತರ ಕೆಲಸ, ಆದ್ದರಿಂದ ಅವರಿಗೆ ತಕ್ಕ ಸಂಭಾವನೆ ಕೊಡಬೇಕು. ಸೇವೆ ಎಂದು ಉಚಿತವಾಗಿ ಮಾಡಿಸಿಕೊಳ್ಳುವುದು ಸಲ್ಲದು.

ಸರಿಪಡಿಸಿದ ಜಾಲತಾಣ ಮುಂದಿನ ಸಾಂಕ್ರಾಮಿಕದ ಗಡಿಬಿಡಿಯಲ್ಲಿ ಮತ್ತೆ ಹಾಳಾಗುತ್ತದೆ, ಏಕೆಂದರೆ ಆಗ ಎಲ್ಲರೂ ಅವಸರದಲ್ಲಿ ಚಿತ್ರಗಳನ್ನು ಏರಿಸುತ್ತಾರೆ. ಇದಕ್ಕಾಗಿ ಶಾಂತಿಯ ಕಾಲದಲ್ಲೇ ತುರ್ತು ಸೂಚನೆಯ ಮಾದರಿ ಪುಟವೊಂದನ್ನು ಸಿದ್ಧಪಡಿಸಿಡಿ: ಶೀರ್ಷಿಕೆ, ಏನಾಗಿದೆ, ಯಾರಿಗೆ ಅಪಾಯ, ಏನು ಮಾಡಬೇಕು, ಎಲ್ಲಿ ಸಂಪರ್ಕಿಸಬೇಕು ಎಂಬ ಜಾಗಗಳು ಪಠ್ಯವಾಗಿ ತುಂಬಲು ತಯಾರಾಗಿರಲಿ. ಹೊಸ ತಂತ್ರಾಂಶ ಕೊಳ್ಳುವಾಗ ಎಎ ಸ್ತರದ ಪಾಲನೆಯನ್ನು ಟೆಂಡರ್‌ನ ಷರತ್ತಾಗಿಸಿ, ಪಾಲಿಸಿದ್ದರ ಪುರಾವೆ ಸಿಗುವವರೆಗೆ ಕೊನೆಯ ಕಂತನ್ನು ತಡೆಹಿಡಿಯಿರಿ.

ಕೊನೆಯದಾಗಿ ಸುಗಮ್ಯತಾ ಹೇಳಿಕೆಯ ಪುಟವೊಂದನ್ನು ಪ್ರಕಟಿಸಿ. ಯಾವ ಮಾನದಂಡವನ್ನು ಗುರಿಯಾಗಿ ಇಟ್ಟುಕೊಂಡಿದ್ದೀರಿ, ಯಾವ ಭಾಗಗಳು ಇನ್ನೂ ಸರಿಯಾಗಿಲ್ಲ, ಅವು ಯಾವ ದಿನಾಂಕದೊಳಗೆ ಸರಿಯಾಗುತ್ತವೆ, ಅಲ್ಲಿಯವರೆಗೆ ಆ ಮಾಹಿತಿಯನ್ನು ಬೇರೆ ಯಾವ ರೂಪದಲ್ಲಿ ಪಡೆಯಬಹುದು ಎಂಬುದನ್ನು ಪ್ರಾಮಾಣಿಕವಾಗಿ ಬರೆಯಿರಿ. ದೂರನ್ನು ಸ್ವೀಕರಿಸುವ ಹುದ್ದೆಯನ್ನು ಹೆಸರಿಸಿ, ಎಷ್ಟು ದಿನಗಳಲ್ಲಿ ಉತ್ತರ ಬರುತ್ತದೆ ಎಂಬುದನ್ನು ನಮೂದಿಸಿ, ಬಂದ ಪ್ರತಿ ದೂರನ್ನೂ ಅದು ಮುಟ್ಟುವ ಕೆಲಸದ ಎದುರು ಮೊದಲ ಹಂತದ ಪಟ್ಟಿಯಲ್ಲೇ ದಾಖಲಿಸಿ. ಮುಂದಿನ ಸುತ್ತಿನ ದುರಸ್ತಿ ಎಲ್ಲಿಂದ ಆರಂಭವಾಗಬೇಕೆಂಬುದನ್ನು ಆ ದಾಖಲೆಯೇ ನಿರ್ಧರಿಸಲಿ.